ಪೂಜೆಗೆ ಕೂತ ಲ್ಯಾಪ್‌ಟಾಪ್

ಹಾರನಹಳ್ಳಿಗೆ ಬಂದು ಲೋಕೇಶನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಲೋಕೇಶ ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ವಿಡಿಯೊ ಲೋಕೇಶ ಎಂದರೆ ಮುಗಿಯಿತು, ಬಾಗಿಲವರೆಗೂ ಬಂದು ಬಿಟ್ಟುಹೋಗುತ್ತಾರೆ. ನಾಮಕರಣ, ಸೀಮಂತ, ಗೃಹಪ್ರವೇಶ, ತಿಥಿ, ಏನಿದ್ದರೂ ಅವನ ಕ್ಯಾಮೆರಾ ಬರಬೇಕು. ಮದುವೆಗಳನ್ನು ಮಾತ್ರ ಡ್ರೋನ್ ಹಾರಿಸುವ ಅರಸೀಕೆರೆ ಹುಡುಗರು ಹೊಡೆದುಕೊಂಡು ಹೋಗಿ ಕೆಲವು ವರ್ಷಗಳಾದವು. ಆ ಮಾತನ್ನು ಅವನ ಮುಂದೆ ಎತ್ತಬಾರದು. ಎತ್ತಿದವರಿಗೆ ಅವನ ಪುರಾಣ ಮುಗಿಯುವಷ್ಟರಲ್ಲಿ ಬಸ್ಸು ತಪ್ಪುವುದು ಗ್ಯಾರಂಟಿ.

ಮನೆಯ ಮುಂಗೋಣೆಯೇ ಸ್ಟುಡಿಯೊ. ಒಂದು ಮೇಜು, ಹಿಂದೆ ಇಳಿಬಿಟ್ಟ ನೀಲಿ ಪರದೆ, ಮೇಜಿನ ಮೇಲೆ ಹಳೇ ಲ್ಯಾಪ್‌ಟಾಪ್. ಅದರ ಚಾರ್ಜರ್ ಪಿನ್ ಸಡಿಲ. ವೈರನ್ನು ಒಂದು ಬೆಂಕಿಪೊಟ್ಟಣದ ಮೇಲೆ ಒರಗಿಸಿದರಷ್ಟೇ ಕರೆಂಟ್ ಹಿಡಿಯುತ್ತಿತ್ತು. ಚಾರ್ಜರ್ ಕಿತ್ತರೆ ಬ್ಯಾಟರಿ ಒಂದು ಗಂಟೆ ಜೀವ ಹಿಡಿದರೆ ಪುಣ್ಯ.

ಈ ಲ್ಯಾಪ್‌ಟಾಪಿಗೆ ಲೋಕೇಶ ಅಮಾವಾಸ್ಯೆ ಮಾಡುತ್ತಿದ್ದ. ತಮಾಷೆಯಲ್ಲ. ಊರಿನ ಟ್ರ್ಯಾಕ್ಟರಿನವರು ಅಮಾವಾಸ್ಯೆ ಬಂತೆಂದರೆ ಗಾಡಿ ತೊಳೆದು, ಆಯಿಲ್ ನೋಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತಾರಲ್ಲ, ಅದೇ ದಿನ ಇವನು ಲ್ಯಾಪ್‌ಟಾಪನ್ನು ಡಿಸ್ಕ್ ಚೆಕ್‌ಗೆ ಹಾಕುತ್ತಿದ್ದ. ಕಪ್ಪು ಪರದೆ ಬರುತ್ತದೆ, ಮೂಲೆಯಲ್ಲಿ ಶೇಕಡಾ ಲೆಕ್ಕ ಮೆಲ್ಲಗೆ ಏರುತ್ತದೆ. ಯಾವ ಫೈಲು ಎಲ್ಲಿದೆ ಎಂದು ಡಿಸ್ಕು ತನ್ನೊಳಗೆ ತಾನೇ ಮೂಲೆಮೂಲೆ ತಡಕಿಕೊಳ್ಳುತ್ತದೆ. ಹಾಳಾದ ಜಾಗ ಸಿಕ್ಕಿದರೆ ಗುರುತು ಹಾಕಿ, ಅಲ್ಲಿದ್ದುದರಲ್ಲಿ ಉಳಿದಷ್ಟನ್ನು ಎತ್ತಿ ಬೇರೆ ಕಡೆ ಇಡುತ್ತದೆ. ಅದು ಮುಗಿಯುವವರೆಗೂ ಮುಟ್ಟಬಾರದು, ಕರೆಂಟ್ ತಪ್ಪಿಸಬಾರದು. ಅವನಿಗೆ ಗೊತ್ತಿದ್ದುದು ಇಷ್ಟೇ, ಅದನ್ನೂ ಯಾವನೋ ರಿಪೇರಿಯವನು ಹೇಳಿಕೊಟ್ಟಿದ್ದು. ತಿಂಗಳಿಗೊಮ್ಮೆ ಮಾಡು ಎಂದಿದ್ದ. ತಾರೀಕು ನೆನಪಿಡುವ ಗಿರಾಕಿಯಲ್ಲ ನಮ್ಮ ಲೋಕೇಶ, ಹಾಗಾಗಿ ಅಮಾವಾಸ್ಯೆಗೆ ಗಂಟು ಹಾಕಿಕೊಂಡ. ಎದುರು ಮನೆಯ ಜವರಣ್ಣ ಪ್ರತಿ ಸಲವೂ ಜಗಲಿಯಿಂದಲೇ ಕೂಗುತ್ತಿದ್ದ, “ಏನ್ಲಾ ಲೋಕೇಸ, ಕಂಪ್ಯೂಟ್ರುಗೆ ಎಡೆ ಏನಿಕ್ಕಿದೆ ಇವತ್ತು?”

ಲೋಕೇಶ ನಕ್ಕುಬಿಡುತ್ತಿದ್ದ. ಅವನು ಕಾಯುತ್ತಿದ್ದುದು ತನ್ನ ಹೊಟ್ಟೆಪಾಡಿನ ಫೈಲುಗಳನ್ನಲ್ಲ ಎಂಬುದು ಜವರಣ್ಣನಿಗಿರಲಿ, ಹೆಂಡತಿ ಕೋಮಲಳಿಗೂ ಗೊತ್ತಿರಲಿಲ್ಲ.

ಐದಾರು ವರ್ಷದ ಹಿಂದಿನ ಮಾತು. ಮೇಲಿನ ಬೀದಿಯ ಮಂಜುಶ್ರೀಯನ್ನು ಬೇಲೂರು ಕಡೆಯ ಗೆಂಡೆಹಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು, ಹೆಣ್ಣು ಮಗುವಾಯಿತು, ಹೆಸರಿಡುವ ಶಾಸ್ತ್ರಕ್ಕೆ ಲೋಕೇಶನೇ ವಿಡಿಯೊ ಮಾಡಿದ. ಸಿಂಚನ ಎಂದು ಹೆಸರಿಟ್ಟರು. ಮಗುವಿಗೆ ವರ್ಷ ತುಂಬುವ ಮೊದಲೇ ಡೆಂಗಿ ಬಂತು. ಹಾಸನದ ಆಸ್ಪತ್ರೆಗೆ ಸೇರಿಸಿದರು, ಉಳಿಯಲಿಲ್ಲ.

ತಿಥಿ ಇಲ್ಲ, ಫೋಟೊ ಇಲ್ಲ. ಅಷ್ಟು ಚಿಕ್ಕ ಕೂಸಿನ ಫೋಟೊಗೆ ಹಾರ ಹಾಕಿ ಗೋಡೆಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ತೊಟ್ಟಿಲನ್ನು ಯಾರಿಗೋ ಕೊಟ್ಟರು, ಬಟ್ಟೆ ಸುಟ್ಟರು, ಮೊಬೈಲಿನಲ್ಲಿದ್ದುದನ್ನೆಲ್ಲ ಅಳಿಸಿದರು. ಮಂಜುಶ್ರೀಯ ಗಂಡ ಅರುಣ್‌ಕುಮಾರ್ ಸೀದಾ ಲೋಕೇಶನ ಸ್ಟುಡಿಯೊಗೆ ಬಂದು ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು. “ಅವಳು ಬಾವಿ ಕಡೆ ನೋಡ್ತಾ ಕೂರ್ತಾಳೆ ಅಣ್ಣ. ಇದೇನಾದ್ರೂ ಕಣ್ಣಿಗೆ ಬಿದ್ರೆ ಉಳಿಯಲ್ಲ. ನನ್ ಮುಂದೇನೇ ಅಳಿಸಿಬಿಡಿ” ಎಂದ. ಅವನ ಎದುರೇ ಲೋಕೇಶ ಕ್ಯಾಮೆರಾದ ಕಾರ್ಡು ಅಳಿಸಿದ, ಎತ್ತಿಟ್ಟಿದ್ದ ಹಾರ್ಡ್‌ಡಿಸ್ಕಿನಲ್ಲಿ ಇದ್ದುದನ್ನೂ ಅಳಿಸಿದ. ಎಲ್ಲ ಹೋಯ್ತಾ ಎಂದು ಅರುಣ್ ಕೇಳಿದ. ಹೋಯ್ತು ಎಂದ ಲೋಕೇಶ. ಲ್ಯಾಪ್‌ಟಾಪಿನಲ್ಲಿ ಎಡಿಟಿಂಗಿಗೆಂದು ಹಾಕಿಕೊಂಡಿದ್ದು ಇತ್ತು. ಅದರ ಮಾತು ಅವನ ಬಾಯಿಂದ ಬರಲಿಲ್ಲ.

ಯಾಕೆ ಬರಲಿಲ್ಲ ಎಂದರೆ ಅವನಿಗೇ ಗೊತ್ತಿಲ್ಲ. ಒಂದು ಜೀವದ ಗುರುತನ್ನು ಒಂದೂ ಬಿಡದ ಹಾಗೆ ತನ್ನ ಕೈಯಿಂದಲೇ ಒರೆಸಿಹಾಕುವುದು ಅವನಿಂದ ಆಗಲಿಲ್ಲ, ಅಷ್ಟೇ. ಆಮೇಲೆ ಆ ಫೋಲ್ಡರನ್ನು ಒಂದು ಸಲವೂ ತೆರೆಯಲಿಲ್ಲ, ಇನ್ನೊಂದು ಕಡೆಗೆ ಕಾಪಿಯನ್ನೂ ಮಾಡಲಿಲ್ಲ. ಆಡಿದ ಮಾತಿಗೆ ತಪ್ಪಿ ಇಟ್ಟುಕೊಂಡದ್ದು, ಕದ್ದ ಮಾಲೇ ಸರಿ. ಕದ್ದ ಮಾಲನ್ನು ಯಾರಾದರೂ ಎರಡು ಕಡೆ ಬಚ್ಚಿಡುತ್ತಾರೆಯೇ? ಅಮಾವಾಸ್ಯೆಗೊಮ್ಮೆ ಡಿಸ್ಕು ಸರಿಯಿದೆಯಾ ಎಂದು ನೋಡುತ್ತಿದ್ದ, ಮುಚ್ಚಿಡುತ್ತಿದ್ದ.

ಈ ಸಲದ ಮಹಾಲಯ ಅಮಾವಾಸ್ಯೆಗೆ ಅದೊಂದು ತಪ್ಪಿತು. ಸತ್ತ ಅಪ್ಪನಿಗೆ ಎಡೆ ಇಡುವ ಕೆಲಸ, ಮನೆ ತುಂಬ ನೆಂಟರು, ಮುಂಗೋಣೆಯಲ್ಲೆಲ್ಲ ಚಾಪೆ ಹಾಸಿ ಮಲಗಿದ್ದರು. ನಾಳೆ ಮಾಡಿದರಾಯಿತು ಎಂದುಕೊಂಡ. ನಾಳೆ ಎಂಬುದು ಹೇಗೆ ಜಾರುತ್ತದೆ ಎಂದು ಯಾರಿಗೂ ಹೇಳಬೇಕಾಗಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ಫೋನ್ ಬಂತು. ಹೆಂಗಸಿನ ದನಿ.

“ಲೋಕೇಶಣ್ಣ, ನಾನು ಮಂಜುಶ್ರೀ. ಹಬ್ಬಕ್ಕೆ ನಾಳೆ ಊರಿಗೆ ಬತ್ತಾ ಇದೀನಿ. ಒಂದು ಕೇಳ್ಬೇಕಿತ್ತು. ಇಲ್ಲ ಅಂತ ನಂಗೂ ಗೊತ್ತು, ಅವರು ಹೇಳವ್ರೆ, ಆದ್ರೂ ಕೇಳ್ತೀನಿ. ಪಾಪುದು ಏನಾದ್ರೂ... ಒಂದು ಚೂರಾದ್ರೂ...”

ಆಮೇಲೆ ಬರೀ ಉಸಿರು ಕೇಳಿಸುತ್ತಿತ್ತು.

“ಐತೆ ಕಣವ್ವ” ಎಂದುಬಿಟ್ಟ ಲೋಕೇಶ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂದಿತ್ತು.

ಆ ಕಡೆ ಫೋನ್ ಕೆಳಗೆ ಬಿದ್ದ ಸದ್ದಾಯಿತು. ಆಮೇಲೆ ಲೈನು ಕಟ್ಟಾಯಿತು.

ಲೋಕೇಶ ಓಡಿಹೋಗಿ ಲ್ಯಾಪ್‌ಟಾಪ್ ಹಾಕಿದ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಆ ಫೋಲ್ಡರ್ ತೆರೆದ. ಒಳಗೆ ಮೂರು ಫೈಲು ಕಂಡವು. ಮೊದಲನೆಯದನ್ನು ಒತ್ತಿದರೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು, ಕೊನೆಗೆ ಓದಲು ಆಗುತ್ತಿಲ್ಲ ಎಂಬ ಸೂಚನೆ ಬಂತು. ಎರಡನೆಯದಕ್ಕೂ ಅದೇ. ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಲು ಮತ್ತೆ ಚಾಲೂ ಮಾಡಿ ಎಂದು ಪಕ್ಕದಲ್ಲಿ ಇನ್ನೊಂದು ಸೂಚನೆ. ಮೂರನೆಯದನ್ನು ಒತ್ತಲು ಅವನ ಬೆರಳಿಗೆ ಧೈರ್ಯ ಬರಲಿಲ್ಲ. ಇಲ್ಲ ಎಂದಿದ್ದರೆ ಅವಳು ಮೊದಲಿನ ಹಾಗೇ ಇರುತ್ತಿದ್ದಳು. ಈಗ ಇದೆ ಎಂದು ಹೇಳಿಯಾಗಿದೆ. ನಾಳೆ ಬಂದಾಗ ಇಲ್ಲ ಎಂದರೆ ಆ ತಾಯಿಗೆ ಮಗು ಇನ್ನೊಂದು ಸಲ ಸತ್ತ ಹಾಗೆ, ಈ ಸಲ ಅದು ತನ್ನ ಕೈಯಲ್ಲಿ.

ಚೆಕ್‌ಗೆ ಹಾಕಿದ. ಕಪ್ಪು ಪರದೆ ಬಂತು, ಶೇಕಡಾ ಲೆಕ್ಕ ಶುರುವಾಯಿತು. ಬೆಂಕಿಪೊಟ್ಟಣದ ಮೇಲೆ ವೈರು ಸರಿಯಾಗಿ ಕೂತಿದೆಯಾ ಎಂದು ಮತ್ತೆ ಮತ್ತೆ ನೋಡಿದ. ಅಷ್ಟರಲ್ಲಿ ಒಳಗಿನಿಂದ ತಾಯಿ ಬೋರಮ್ಮ ಕೂಗಿದಳು, “ಹೂ ಇಲ್ಲ, ಕುಂಬಳಕಾಯಿ ಇಲ್ಲ, ಪೂಜೆ ಯಾವಾಗ್ಲಾ ಮಾಡಾದು?” ಅವನ ಸ್ಕೂಟರು ತೊಳೆಸಿಕೊಂಡು ಅಂಗಳದಲ್ಲಿ ಪೂಜೆಗೆ ನಿಂತಿತ್ತು. ಸಿಕ್ಕಿದ ಟೆಂಪೊ ಹತ್ತಿ ಅರಸೀಕೆರೆಗೆ ಹೋದ. ಲ್ಯಾಪ್‌ಟಾಪ್ ಮುಟ್ಟಬೇಡ ಎಂದು ಕೋಮಲಳಿಗೆ ಹೇಳಬೇಕಿತ್ತು. ತಲೆ ನೆಟ್ಟಗಿದ್ದರೆ ಹೇಳುತ್ತಿದ್ದ.

ಅರಸೀಕೆರೆಯಲ್ಲಿ ಚೆಂಡುಹೂವಿನ ರಾಶಿ, ಜನವೋ ಜನ. ಬೂದುಗುಂಬಳವನ್ನು ಬಗಲಲ್ಲಿ ಅವುಚಿಕೊಂಡು ಬಸ್ಸಿನಲ್ಲಿ ನಿಂತುಕೊಂಡೇ ವಾಪಸು ಬಂದ. ಅಂಗಳದಲ್ಲೇ ಹೂವು ಕೊಟ್ಟ. ಬೋರಮ್ಮ ಅವನನ್ನು ಮುಂಗೋಣೆಗೆ ಹೋಗಲು ಬಿಡದೆ ಬಚ್ಚಲಿಗೆ ಅಟ್ಟಿದಳು. ತಲೆಗೆ ನೀರು ಹಾಕಿಕೊಂಡು, ಪಂಚೆ ಸುತ್ತಿಕೊಂಡು ನಡುಮನೆಗೆ ಬರುವ ಹೊತ್ತಿಗೆ ಮಂಗಳಾರತಿ ಶುರುವಾಗಿತ್ತು. ಕೈ ಮುಗಿದು ನಿಂತ. ಹಾರೆ, ಗುದ್ದಲಿ, ಕುಡುಗೋಲು, ಕಾಯಿ ಕೆತ್ತುವ ಮಚ್ಚು, ಅದರ ಪಕ್ಕ ಕ್ಯಾಮೆರಾ, ಅದರ ಪಕ್ಕದಲ್ಲಿ ಮುಚ್ಚಳ ಮುಚ್ಚಿಕೊಂಡು, ಮೈಮೇಲೆ ಮೂರು ಎಳೆ ವಿಭೂತಿ ಬಳಿದುಕೊಂಡು, ನೆತ್ತಿಗೆ ಸೇವಂತಿಗೆ ಇಟ್ಟುಕೊಂಡು ಲ್ಯಾಪ್‌ಟಾಪ್ ಕೂತಿತ್ತು.

ಬೋರಮ್ಮನ ಆರತಿ ಸರಿಯಾಗಿ ಅದರ ಮುಂದೆಯೇ ಸುತ್ತುತ್ತಿತ್ತು.

“ಕೋಮಲ, ಅದನ್ನ ಯಾರು ತಂದಿದ್ದು?”

“ನಾನೇ ಕಣ್ರೀ. ವರ್ಷಾ ವರ್ಷಾ ಇಡಲ್ವಾ? ಪರದೆ ಕಪ್ಪಗಿತ್ತು, ಆಫಾಗಿದೆ ಅಂದ್ಕೊಂಡು ವೈರು ಕಿತ್ತು, ಒರೆಸಿ ಇಟ್ಟೆ.”

ಅವನು ಬಗ್ಗಿ ಕಿವಿಗೊಟ್ಟ. ಒಳಗೆ ಫ್ಯಾನು ಸಣ್ಣಗೆ ಗೊರಗುಟ್ಟುತ್ತಿತ್ತು. ಇನ್ನೂ ನಡೆಯುತ್ತಿದೆ! ಬ್ಯಾಟರಿಯ ಮೇಲೆ ನಡೆಯುತ್ತಿದೆ. ಅಂಚಿನಲ್ಲಿದ್ದ ಪುಟ್ಟ ದೀಪದ ಮೇಲೆ ಹೂವಿನ ಎಸಳೊಂದು ಬಿದ್ದಿತ್ತು. ಉಫ್ ಎಂದು ಊದಿದ. ದೀಪ ಕಿತ್ತಳೆ ಬಣ್ಣದಲ್ಲಿ ಮಿಟುಕುತ್ತಿತ್ತು. ಬ್ಯಾಟರಿ ಮುಗಿಯುತ್ತ ಬಂದಾಗ ಮಾತ್ರ ಅದು ಹಾಗೆ ಮಿಟುಕುವುದು.

ಕೈ ಚಾಚಿದ.

“ಲೋಕೇಸ!” ಬೋರಮ್ಮ ಕಿರುಚಿದಳು. “ಮಂಗ್ಳಾರ್ತಿ ಎತ್ತಿದ್ಮೇಲೆ ಮುಟ್ತೀಯಾ? ನಿಮ್ಮಪ್ಪನ ಕೈ ಮರ್ತೋಯ್ತಾ ನಿಂಗೆ?”

ಚಾಚಿದ ಕೈ ಅಲ್ಲೇ ನಿಂತಿತು. ಮರೆಯುವುದು ಹೇಗೆ? ಅವನು ಚಿಕ್ಕವನಿದ್ದಾಗ ಇಂಥದ್ದೇ ಆಯುಧಪೂಜೆಯ ದಿನ ಮನೆಗೆ ನೆಂಟರು ಬಂದರು. ಅವರಿಗೆ ಎಳನೀರು ಕೆತ್ತಿ ಕೊಡಲು ಅಪ್ಪ ನಂಜುಂಡಯ್ಯ ಪೂಜೆಗಿಟ್ಟ ಮಚ್ಚನ್ನೇ ಎತ್ತಿಕೊಂಡು ಹೋದ. ಎಡಗೈಯ ಎರಡು ಬೆರಳು ಅಂಗಳದಲ್ಲಿ ಬಿದ್ದವು. ಮಚ್ಚಿನ ಮೇಲೆ ಕುಂಕುಮ ಯಾವುದು ರಕ್ತ ಯಾವುದು ತಿಳಿಯುತ್ತಿರಲಿಲ್ಲ. ಅಪ್ಪ ಸಾಯುವವರೆಗೂ ಮೂರೇ ಬೆರಳಲ್ಲಿ ಮುದ್ದೆಯ ತಟ್ಟೆ ಹಿಡಿದು ಉಂಡ. ಅಂದಿನಿಂದ ಈ ಮನೆಯಲ್ಲಿ ಪೂಜೆಗೆ ಕೂತದ್ದನ್ನು ಮರುದಿನ ಬೆಳಿಗ್ಗೆ ಬೋರಮ್ಮ ಕದಲಿಸುವವರೆಗೆ ಯಾರೂ ಮುಟ್ಟಿದ್ದಿಲ್ಲ. ಲೋಕೇಶ ಮೊಬೈಲನ್ನು ಸಹ ಪೂಜೆಗೆ ಕೊಡದೆ ಬಚ್ಚಿಟ್ಟುಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಅವನಿಗೂ ಭಯವಿತ್ತು, ಸುಳ್ಳೇಕೆ ಹೇಳಬೇಕು.

“ಅವ್ವ, ಚಾರ್ಜರ್ ಹಾಕ್ಬೇಕು. ಇಲ್ಲಾಂದ್ರೆ ಸತ್ತೋಯ್ತದೆ ಅದು.”

“ಸಾಯ್ಲಿ. ನಾಳಿಕ್ಕೆ ಹೊಸಾದು ತತ್ತೀಯಂತೆ. ನಂಗೆ ನಿನ್ ಕೈ ಮುಖ್ಯ.”

“ಸಾಯಾದು ಯಂತ್ರ ಅಲ್ಲ ಕಣವ್ವ.”

“ಮತ್ತೇನ್ಲಾ?”

ದೀಪ ಮಿಟುಕುತ್ತಲೇ ಇತ್ತು. ಕೋಮಲ ಗಂಡನ ಮುಖ ನೋಡಿ ಗಾಬರಿಯಾದಳು. ಮದುವೆಯಾದಾಗಿನಿಂದ ಅವನ ಕಣ್ಣಲ್ಲಿ ನೀರು ಕಂಡಿದ್ದು ಮಾವ ತೀರಿಹೋದ ದಿನ ಮಾತ್ರ.

“ಅದರೊಳಗೆ ಮಂಜುಶ್ರೀ ಮಗ ಐತೆ” ಎಂದ ಲೋಕೇಶ. “ಹೋಯ್ತಲ್ಲ, ಆ ಕೂಸು. ಅರುಣ್‌ಕುಮಾರ್ ಅಳಿಸು ಅಂದ, ನಾನು ಅಳಿಸಲಿಲ್ಲ. ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ ಕಣವ್ವ ಅದು, ಇಲ್ಲೊಂದೇ ಇರಾದು. ನಾಳೆ ಆಯಮ್ಮ ನೋಡಾಕೆ ಬತ್ತಾಳೆ. ಐತೆ ಅಂತ ಹೇಳ್ಬಿಟ್ಟೀನಿ.”

ನಮ್ಮ ಕಡೆ ಗಂಡಾದರೂ ಹೆಣ್ಣಾದರೂ ಕೂಸನ್ನು ಮಗ ಎಂದೇ ಅನ್ನುವುದು. ಬೋರಮ್ಮ ಆರತಿ ತಟ್ಟೆಯನ್ನು ಕೆಳಗಿಟ್ಟಳು. ಮಂಜುಶ್ರೀಯ ಮಗುವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರೆರೆದವಳು ಅವಳೇ. ಬಾಣಂತಿಗೂ ಕೂಸಿಗೂ ನೀರು ಹಾಕಲು ಮೇಲಿನ ಬೀದಿಯವರು ಬೋರಮ್ಮನನ್ನೇ ಕರೆಯುತ್ತಿದ್ದುದು. ತನ್ನ ಎರಡೂ ಅಂಗೈಯನ್ನು ಒಮ್ಮೆ ನೋಡಿಕೊಂಡಳು, ಸೆರಗಿಗೆ ಒರೆಸಿಕೊಂಡಳು.

“ಆ ವೈರು ತಗಂಬಾ ಕೋಮಲ” ಎಂದಳು. “ಉದ್ದನೆ ಬೋರ್ಡೂ ತಗಂಬಾ. ನೀನು ಆ ಕಡೀಕ್ ಹೋಗ್ಲಾ. ನೀನು ಮುಟ್ಬ್ಯಾಡ.”

“ನೀನ್ ಮುಟ್ಟಿದ್ರೆ ನಿಂಗಾಗಲ್ವಾ ಅವ್ವ?”

“ಆದ್ರೆ ಆಗ್ಲಿ. ಈ ವಯಸ್ಸಲ್ಲಿ ಎಲ್ಲಾ ಬೆರ್ಳು ಇಟ್ಕಂಡು ನಾನೇನ್ ಮಾಡ್ಬೇಕು?”

ದೇವರಿಗೆ ಅಡ್ಡಬಿದ್ದು, ತಪ್ಪಾಯ್ತು ಕಣಪ್ಪ ಎಂದು ಗಲ್ಲ ಬಡಿದುಕೊಂಡು ಬೋರಮ್ಮ ಲ್ಯಾಪ್‌ಟಾಪಿನ ಪಕ್ಕ ಕೂತಳು. ಲೋಕೇಶ ಮಾರು ದೂರ ನಿಂತು ತೂತು ತೋರಿಸಿದ. ಅವಳು ಪಿನ್ ಚುಚ್ಚಿದಳು. ಕರೆಂಟ್ ಹಿಡಿದರೆ ಬೆಳ್ಳಗಾಗಬೇಕಾದ ದೀಪ ಬೆಳ್ಳಗಾಗಲಿಲ್ಲ, ಕಿತ್ತಳೆಯೇ ಮಿಟುಕಿತು. “ವೈರು ಮೇಲಕ್ಕೆತ್ತವ್ವ, ಒಂಚೂರು, ಇನ್ನೂ ಒಂಚೂರು.” ಎತ್ತಿದಳು. ಬೆಳ್ಳಗಾಯಿತು. ಕೈ ಸಡಿಲಿಸಿದರೆ ಮತ್ತೆ ಕಿತ್ತಳೆ. ಬೆಂಕಿಪೊಟ್ಟಣ ಎಲ್ಲಿಟ್ಟೆ ಎಂದರೆ ಕೋಮಲಳಿಗೆ ನೆನಪಿಗೆ ಬಾರದು, ದೀಪ ಹಚ್ಚುವ ಗಡಿಬಿಡಿಯಲ್ಲಿ ಎಲ್ಲೋ ಹೋಗಿತ್ತು. ಬೋರಮ್ಮ ಮಚ್ಚಿನ ಮುಂದಿದ್ದ ನಿಂಬೆಹಣ್ಣನ್ನು ಎಡಗೈಯಲ್ಲಿ ಎಳೆದು ವೈರಿನ ಕೆಳಗೆ ಕೊಟ್ಟಳು. ಹಣ್ಣು ಉರುಳಿತು, ದೀಪ ಬಣ್ಣ ಬದಲಿಸಿತು. ಮೂವರೂ ಒಟ್ಟಿಗೆ ಅಯ್ಯೋ ಎಂದರು.

“ಹೋಗ್ಲಿ ಬುಡು” ಎಂದು ಬೋರಮ್ಮ ವೈರನ್ನು ಕೈಯಲ್ಲೇ ಹಿಡಿದು ಕೂತಳು.

ಊಟದ ಹೊತ್ತಾಯಿತು. ಒಬ್ಬಟ್ಟು ತಟ್ಟೆಯಲ್ಲಿ ಆರಿತು. ಕೋಮಲ ತುತ್ತು ಮಾಡಿ ಅತ್ತೆಯ ಬಾಯಿಗಿಟ್ಟಳು, ವೈರು ತಾನು ಹಿಡಿದುಕೊಳ್ಳುತ್ತೇನೆ ಎಂದರೆ ಬೋರಮ್ಮ ಕೊಡಲೊಲ್ಲಳು. ಜವರಣ್ಣ ಹಬ್ಬದ ಮಾತಾಡಿಸಲು ಬಂದವನು ಹೊಸಿಲಲ್ಲೇ ನಿಂತ. ಬೋರಮ್ಮ ಪೂಜೆಯ ಸಾಲಿನಲ್ಲಿ ತಾನೂ ಒಂದು ಆಯುಧವಾಗಿ ಕೂತಿರುವುದನ್ನು ಕಂಡು ಏನೋ ಹಾಸ್ಯ ಮಾಡಲು ಬಾಯಿ ತೆರೆದ. ಲೋಕೇಶನ ಮುಖ ನೋಡಿ ಸುಮ್ಮನೆ ಹೊರಗೆ ಜಗಲಿಯ ಮೇಲೆ ಕೂತ. ಲೋಕೇಶನಿಗೆ ಒಂದೇ ಯೋಚನೆ, ಹಿಂದೆ ಮುಂದೆ ಅದೇ. ಕೋಮಲ ವೈರು ಕಿತ್ತಾಗ, ಪಿನ್ ಅಲ್ಲಾಡಿದಾಗ, ಒಳಗೆ ಒಂದು ಕ್ಷಣ ಕರೆಂಟ್ ತಪ್ಪಿಹೋಗಿದ್ದರೆ? ಪೂಜೆಗೆ ಕೂತದ್ದು, ಮುಚ್ಚಳ ತೆರೆದು ನೋಡುವಂತಿಲ್ಲ. ಫ್ಯಾನಿನ ಸದ್ದು ಒಂದೇ ಗತಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫ್ಯಾನು ಒಮ್ಮೆ ಜೋರಾಗಿ ತಿರುಗಿ ತಣ್ಣಗಾಯಿತು. ಅಂಚಿನ ದೀಪ ಬೆಳ್ಳಗೇ ಇತ್ತು. ಕೆಲಸ ಮುಗಿದಿತ್ತು. ಏನು ಉಳಿದಿದೆ ಎಂದು ತಿಳಿಯಲು ಬೆಳಗಾಗಬೇಕಿತ್ತು. ಬೋರಮ್ಮ ಕೈ ಬಿಚ್ಚಲು ಹೋದರೆ ಬೆರಳುಗಳು ಮಡಿಸಿಕೊಂಡೇ ಉಳಿದವು. ಲೋಕೇಶ ಬಿಸಿನೀರು ತಂದು ಒಂದೊಂದೇ ಬೆರಳನ್ನು ತಿಕ್ಕಿ ಬಿಡಿಸಿದ. ಎಲ್ಲವೂ ಇದ್ದವು.

ಮರುದಿನ ಬೋರಮ್ಮ ನೀರು ಹಾಕಿಕೊಂಡು ಬಂದು, ಹಾರೆ ಗುದ್ದಲಿಗಳನ್ನು ಒಂದೊಂದಾಗಿ ಕದಲಿಸಿ ಲ್ಯಾಪ್‌ಟಾಪಿಗೆ ಕೈ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಮಂಜುಶ್ರೀ ನಿಂತಿದ್ದಳು. ಗೆಂಡೆಹಳ್ಳಿಯಿಂದ ಮೊದಲನೇ ಬಸ್ಸಿಗೆ ಹೊರಟು, ಬೇಲೂರು ಹಳೇಬೀಡಿನ ಮೇಲೆ ಬಂದು, ತವರು ಮನೆಗೂ ಹೋಗದೆ ಸೀದಾ ಇಲ್ಲಿಗೆ ಬಂದಿದ್ದಳು. ಬ್ಯಾಗು ಹೆಗಲಲ್ಲೇ ಇತ್ತು. ಮೊದಲೇ ನೋಡಿಕೊಂಡು ಮನಸ್ಸು ಗಟ್ಟಿಮಾಡಿಕೊಳ್ಳೋಣ ಎಂದಿದ್ದ ಲೋಕೇಶನಿಗೆ ಆ ದಾರಿಯೂ ತಪ್ಪಿತು.

ಎಲ್ಲರೂ ನೆಲದ ಮೇಲೆ ಕೂತರು. ಮೊದಲ ಫೈಲು ತೆರೆಯಲಿಲ್ಲ. ಎರಡನೆಯದರ ಹೆಸರೇ ಇರಲಿಲ್ಲ. ಶಾಸ್ತ್ರವೆಲ್ಲ ಇದ್ದುದು ಅವೆರಡರಲ್ಲೇ, ತೊಟ್ಟಿಲು, ಸೋಬಾನೆ, ಕಿವಿಯಲ್ಲಿ ಹೆಸರು ಹೇಳಿದ್ದು. ಮಂಜುಶ್ರೀಯ ಕೈ ಬ್ಯಾಗಿನ ದಾರವನ್ನು ತಿರುಚುತ್ತಿತ್ತು. ಲೋಕೇಶ ಮೂರನೆಯದನ್ನು ಒತ್ತಿದ.

ಚಕ್ರ ತಿರುಗಿತು. ನಿಂತಿತು. ಪರದೆಯ ಮೇಲೆ ಮಂಜುಶ್ರೀಯ ತವರಿನ ಹಿತ್ತಿಲು ಬಂತು.

ಶಾಸ್ತ್ರಕ್ಕೆ ಮೊದಲು ಬೆಳಕು ನೋಡಿಕೊಳ್ಳಲೆಂದು ಸುಮ್ಮನೆ ತೆಗೆದದ್ದು ಅದು. ಬೋರಮ್ಮ ನೀಡಿದ ಕಾಲ ಮೇಲೆ ಕೂಸು ಮಲಗಿತ್ತು, ಮೈಯೆಲ್ಲ ಎಣ್ಣೆ ಮಿರಮಿರ. ಪಕ್ಕದಲ್ಲಿ ಮಂಜುಶ್ರೀ ಕಾಡಿಗೆ ಹಿಡಿದು ದೃಷ್ಟಿಬೊಟ್ಟು ಇಡಲು ಬಗ್ಗಿದಳು. ಕೂಸು ಮುಖ ತಿರುಗಿಸಿತು, ಕಾಡಿಗೆ ಕೆನ್ನೆಯ ಉದ್ದಕ್ಕೂ ಬಳಿದುಕೊಂಡಿತು. ಬೋರಮ್ಮ ಬಯ್ದಳು. ಮಂಜುಶ್ರೀ ತಲೆ ಹಿಂದಕ್ಕೆ ಹಾಕಿ ನಕ್ಕಳು, ಕೂಸು ಅವಳ ನಗುವಿನ ಕಡೆಗೆ ತಿರುಗಿ ನೋಡಿತು. ಮುಗಿದೇಹೋಯಿತು.

ನೆಲದ ಮೇಲೆ ಕೂತಿದ್ದ ಮಂಜುಶ್ರೀ ಅಳಲಿಲ್ಲ. “ಇನ್ನೊಂದ್ಸಲ ಹಾಕಿ ಅಣ್ಣ” ಎಂದಳು. ಹಾಕಿದ. ಮತ್ತೊಂದು ಸಲ ಎಂದಳು. ಮೂರನೆಯ ಸಲಕ್ಕೆ ಕೈ ಚಾಚಿ ಪರದೆಯ ಮೇಲಿನ ಆ ಕೆನ್ನೆಯನ್ನು ಬೆರಳಿನಿಂದ ಒರೆಸಿದಳು. ಆಗ ಅಳು ಬಂತು. ಬೋರಮ್ಮ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಅತ್ತು ಮುಗಿಸು ಎಂದು ಬೆನ್ನು ತಟ್ಟುತ್ತ ತಾನೂ ಅತ್ತಳು.

ಆಮೇಲೆ ಲೋಕೇಶ ಎರಡು ಪೆನ್‌ಡ್ರೈವ್ ತೆಗೆದ. ಒಂದು ಕಾಪಿ ಮಾಡಿದ, ಇನ್ನೊಂದು ಮಾಡಿದ. ಇಷ್ಟು ವರ್ಷ ಆಗದಿದ್ದ ಕೆಲಸ ಮುಗಿಯಿತು. ಒಂದನ್ನು ಅವಳ ಕೈಗೆ ಕೊಟ್ಟು ಭಾರ ಇಳಿಸಿಕೊಳ್ಳೋಣ ಎಂದು ಹೋದರೆ ಮಂಜುಶ್ರೀ ತಗೊಳ್ಳಲಿಲ್ಲ.

“ಮನೆಗೆ ಬ್ಯಾಡ ಅಣ್ಣ. ಅವರು ತಡ್ಕಳಲ್ಲ. ನಾನು ನೋಡೀನಿ ಅಂತ ಹೇಳ್ತೀನಿ, ನಿಧಾನಕ್ಕೆ ಕರ್ಕೊಂಡೂ ಬತ್ತೀನಿ. ಅಲ್ಲೀತನ್ಕ ಇಲ್ಲೇ ಇರ್ಲಿ. ಇಷ್ಟು ದಿನ ಸಾಕಿದೀರಲ್ಲ.”

ಲೋಕೇಶ ತಲೆಯಾಡಿಸಿ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ.

ಮಂಜುಶ್ರೀ ಬ್ಯಾಗು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. “ಇದು ಮತ್ತೆ ಕೆಟ್ಟೋಗಲ್ಲ ತಾನೆ?”

“ಅಮಾವಾಸ್ಯೆಗೊಂದ್ಸಲ ನೋಡ್ತಾ ಇರ್ತೀನಿ ಕಣವ್ವ. ಇನ್ನು ತಪ್ಪಿಸಲ್ಲ.”

“ಮುಂದಿನ ಅಮಾವಾಸ್ಯೆ ಯಾವತ್ತು?”

ಗೋಡೆಯ ಕ್ಯಾಲೆಂಡರಿನ ಕಡೆ ಲೋಕೇಶ ತಿರುಗುವ ಮೊದಲೇ ಬೋರಮ್ಮ ಹೇಳಿದಳು, “ದೀಪಾವಳೀಗೆ ಕಣವ್ವ. ಬೆಳಿಗ್ಗೆನೇ ಬಂದ್ಬುಡು. ಮಗೀಗೆ ಎಣ್ಣೆ ನೀರು ಅವತ್ತೇ.”